ಎಲ್ಲರನ್ನೂ ಅಂಗಳಕ್ಕಿಳಿಸುವ ಪಿ.ಟಿ. ಮೇಡಂ

ಬೆಳಗ್ಗೆ ಐದೂಮುಕ್ಕಾಲು. ಬೆಂಗಳೂರಿನ ಕತ್ರಿಗುಪ್ಪೆಯ ಒಳರಸ್ತೆಯೊಂದರಲ್ಲಿ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಹೇಗೋ ಉಳಿದುಕೊಂಡಿರುವ ಖಾಲಿ ಜಾಗ. ಟ್ರ್ಯಾಕ್ ಪ್ಯಾಂಟಿನ ಮೇಲೆ ಕಾಟನ್ ಕುರ್ತಾ ತೊಟ್ಟು, ನರೆಗೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡ ಹೆಂಗಸೊಬ್ಬರು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನಡೆಯುತ್ತಿದ್ದಾರೆ. ಗಾಜಿನ ಚೂರು, ಮೊಳೆ, ಬಾಟಲಿಯ ಮುಚ್ಚಳ, ಕಂಡದ್ದನ್ನೆಲ್ಲ ಎತ್ತಿ ಹಳೆಯ ಪೇಂಟ್ ಡಬ್ಬಿಗೆ ಹಾಕುತ್ತಾರೆ. ಇನ್ನು ಹತ್ತು ನಿಮಿಷದಲ್ಲಿ ಇಲ್ಲಿ ಹದಿನಾಲ್ಕು ಹುಡುಗಿಯರು ಬರಿಗಾಲಲ್ಲಿ ಓಡಬೇಕು.

ಇವರು ಕಮಲಾದೇವಿ. ಹತ್ತಿರದ ಅನುದಾನಿತ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಬೀದಿ ತುದಿಯ ಹೂವಿನವರಿಗೂ ಬರೀ ‘ಪಿ.ಟಿ. ಮೇಡಂ’. ಮುಂದಿನ ಮೇ ತಿಂಗಳಿಗೆ ನಿವೃತ್ತಿ.

ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ, ಎರಡು ಕಂಬ ನೆಡುತ್ತಾರೆ. ಖೋಖೋ ಶುರುವಾಗುತ್ತದೆ.

‘ಏಯ್, ಖೋ ಕೊಟ್ಟ ಮೇಲೆ ನಿಂತ್ಕೊಂಡು ಏನ್ ನೋಡ್ತಾ ಇದೀಯಾ? ಕೂತ್ಕೋ! ನಿನ್ನ ಕೆಲಸ ಆಯ್ತು!’ ಕಮಲಾದೇವಿಯವರ ದನಿಗೆ ವಿಸಿಲ್ಲೇ ಬೇಕಿಲ್ಲ. ಎದುರು ಮನೆಯ ಬಾಲ್ಕನಿಯಲ್ಲಿ ಗಂಗಾಧರಯ್ಯ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಹಳೇ ಊರಿನವರು, ಈ ಜಾಗ ಅವರದೇ. ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಹನ್ನೆರಡು ವರ್ಷದ ಹಿಂದೆ ಮೇಡಂ ಬಂದು ಕೇಳಿದಾಗ ಅವರು ಆಡಿದ್ದು ಎರಡೇ ಮಾತು. ‘ಕಟ್ಟೋ ದಿನ ಬಂದಾಗ ಕಟ್ಟಾನ ಬುಡಿ ಮೇಡಂ. ಅಲ್ಲೀಗಂಟ ಆಡ್ಕಳ್ಳಿ.’

ಕೇಳಲು ಕಾರಣವಿತ್ತು. ಶಾಲೆಯಲ್ಲಿ ನಾನೂರ ಹನ್ನೆರಡು ಮಕ್ಕಳು. ಅಂಗಳ ಎರಡು ಸೈಟಿನಷ್ಟೇ, ಅದರಲ್ಲೂ ಒಂದು ಮೂಲೆ ಸ್ಕೂಟರುಗಳಿಗೆ ಹೋಗುತ್ತದೆ. ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದರಿಂದ ಹಿಡಿದು ಬಿಸಿಯೂಟದ ಸರದಿ, ತಡವಾಗಿ ಬಂದವರ ವಿಚಾರಣೆ, ಜ್ವರ ಬಂದವರನ್ನು ಮನೆ ಮುಟ್ಟಿಸುವುದು, ಎಲ್ಲವೂ ಇವರದೇ ಹೆಗಲಿಗೆ. ದಿನಕ್ಕೆ ಐದು ಪೀರಿಯಡ್ಡು. ಜನವರಿ ಬಂತೆಂದರೆ ಹತ್ತನೆಯ ತರಗತಿಯ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ.

‘ಗಣಿತದವರು ಕೇಳೋದೂ ಇಲ್ಲ, ತಗೊಂಡೇ ಹೋಗ್ತಾರೆ’ ಎಂದು ಅವರು ನಗುತ್ತಾರೆ. ‘ಕಿಟಕೀಲಿ ಮಕ್ಕಳ ಮುಖ ಕಾಣುತ್ತೆ. ಅದನ್ನ ನೋಡಬಾರದು ಅಂತ ನಾನು ಆ ಕಡೆ ತಿರುಗಿ ನಿಂತ್ಕೋತೀನಿ.’

ಹುಟ್ಟೂರು ಕೊಟ್ಟೂರು. ತಂದೆ ಕೊಟ್ರಪ್ಪ ಬಟ್ಟೆ ಅಂಗಡಿ ಇಟ್ಟಿದ್ದರು. ಹೆಣ್ಣುಮಕ್ಕಳು ಮೈದಾನಕ್ಕೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಮಗಳಿಗೆ ತಾವೇ ಬಟ್ಟೆ ಆರಿಸಿ ಆಟದ ಅಂಗಿ ಹೊಲಿಸಿಕೊಟ್ಟವರು. ಹದಿನೆಂಟನೆಯ ವಯಸ್ಸಿಗೆ ಕಮಲಾದೇವಿ ರಾಜ್ಯ ಖೋಖೋ ತಂಡಕ್ಕೆ ಆಯ್ಕೆಯಾದರು. ಎರಡು ರಾತ್ರಿ ರೈಲಿನಲ್ಲಿ ಕೂತು ರಾಷ್ಟ್ರಮಟ್ಟದ ಪಂದ್ಯಾವಳಿಗೆ ಹೋದರು. ತಂಡದಲ್ಲಿ ಹನ್ನೆರಡು ಜನ, ಆಡುವವರು ಒಂಬತ್ತು. ಇವರು ಹನ್ನೆರಡನೆಯವರು.

‘ಐದು ದಿನ. ದಿನಾ ಬೆಳಗ್ಗೆ ಎದ್ದು, ಎದೆ ಮೇಲೆ ಕರ್ನಾಟಕ ಅಂತ ಬರೆದಿರೋ ಅಂಗಿ ಹಾಕ್ಕೊಂಡು, ಎರಡು ಜಡೆ ಬಿಗಿಯಾಗಿ ಹಾಕ್ಕೊಂಡು ರೆಡಿಯಾಗಿ ಕೂರ್ತಿದ್ದೆ. ಕೋಚ್ ಈ ಕಡೆ ತಿರುಗಿದಾಗೆಲ್ಲ ಎದ್ದು ನಿಲ್ತಿದ್ದೆ. ಒಂದು ಸಲಾನೂ ಕರೀಲಿಲ್ಲ. ಊರಿಗೆ ಬಂದಾಗ ಅಪ್ಪ ಎಷ್ಟು ಪಾಯಿಂಟ್ ತಗೊಂಡೆ ಅಂತ ಕೇಳಿದ್ರು. ನಾಲ್ಕು ಅಂದೆ. ಅವರು ತೀರ್ಕೊಳ್ಳೋವರೆಗೂ ಎಲ್ಲರ ಹತ್ರ ನಾಲ್ಕು ಅಂತಾನೇ ಹೇಳ್ಕೊಂಡು ಓಡಾಡಿದ್ರು.’

ಮರುವರ್ಷ ಆಯ್ಕೆ ಆಗಲಿಲ್ಲ. ಆಮೇಲೆ ದೈಹಿಕ ಶಿಕ್ಷಣದ ಕೋರ್ಸು, ಬೆಂಗಳೂರಿನ ನೌಕರಿ. ಕೆಲಸಕ್ಕೆ ಸೇರಿದ ದಿನವೇ ಮನಸ್ಸಿನಲ್ಲಿ ಒಂದು ನಿಯಮ ಮಾಡಿಕೊಂಡರು. ತಮ್ಮ ಜೊತೆ ಪಂದ್ಯಕ್ಕೆ ಹೊರಟ ಯಾವ ಮಗುವೂ ಆಡದೆ ಮನೆಗೆ ಹೋಗಬಾರದು.

ಮೂವತ್ತು ವರ್ಷ ಆ ನಿಯಮ ಯಾರಿಗೂ ನೋವು ಮಾಡಲಿಲ್ಲ. ಇವರ ತಂಡಗಳು ವಲಯ ಮಟ್ಟದಲ್ಲೇ ಸೋತು ಬರುತ್ತಿದ್ದವು. ಎರಡು ವರ್ಷದ ಹಿಂದೆ ಶಾಲಿನಿ ಬಂದಳು.

ಜಯನಗರದ ಪಕ್ಕದ ಸಿದ್ದಾಪುರದ ಹುಡುಗಿ. ತಾಯಿ ದರ್ಶಿನಿ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಾರೆ. ಬೆಳಗಿನ ಮೊದಲ ಬಸ್ಸು ಹಿಡಿದು ಅಭ್ಯಾಸಕ್ಕೆ ಬರುತ್ತಿದ್ದಳು. ‘ಓಡ್ತಾ ಓಡ್ತಾ ಇದ್ದವಳು ಒಂದು ಕ್ಷಣ ನಿಂತುಬಿಡೋಳು. ಅಟ್ಟಿಸ್ಕೊಂಡು ಬಂದವರು ಮುಂದಕ್ಕೆ ಹೋಗಿರೋರು, ಇವಳು ಹಿಂದೆ! ಅದನ್ನ ನಾನು ಕಲಿಸಿದ್ದಲ್ಲ, ಅದು ಅವಳದೇ’ ಎನ್ನುವಾಗ ಕಮಲಾದೇವಿಯವರ ಕೈ ತಾನಾಗಿ ಗಾಳಿಯಲ್ಲಿ ತಿರುಗುತ್ತದೆ. ಆ ವರ್ಷ ಶಾಲೆ ಮೊದಲ ಸಲ ತಾಲ್ಲೂಕು ಫೈನಲ್ ತಲುಪಿತು. ಗೆದ್ದರೆ ಜಿಲ್ಲಾ ಮಟ್ಟ. ಅಲ್ಲಿ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲ್. ಶಾಲಿನಿ ಆಗಲೇ ಮನೆಯಲ್ಲಿ ಯಾವ ಬಟ್ಟೆ ಒಯ್ಯುವುದು ಎಂದು ಮಾತಾಡಿಕೊಂಡಿದ್ದಳಂತೆ.

ಅದೇ ತಂಡದಲ್ಲಿ ಮೈತ್ರೇಯಿ ಇದ್ದಳು. ನಿಧಾನದ ಹುಡುಗಿ. ಎರಡು ವರ್ಷದಲ್ಲಿ ಒಂದು ದಿನವೂ ಅಭ್ಯಾಸ ತಪ್ಪಿಸಿದವಳಲ್ಲ. ಎಲ್ಲರ ನೀರಿನ ಬಾಟಲಿ ತುಂಬಿಸುತ್ತಿದ್ದಳು. ತಾಲ್ಲೂಕು ಪಂದ್ಯಗಳಲ್ಲಿ ಎಲ್ಲರೂ ಆಡಿದ್ದರು, ಉಳಿದವಳು ಅವಳೊಬ್ಬಳೇ.

ಫೈನಲ್‌ನ ಕೊನೆಯ ಸರದಿಯಲ್ಲಿ ಕತ್ರಿಗುಪ್ಪೆಯ ಹುಡುಗಿಯರು ಓಡಬೇಕಿತ್ತು, ಎದುರಾಳಿಗಳು ಹಿಡಿಯಬೇಕಿತ್ತು. ಮುನ್ನಡೆ ಎಂಟು ಪಾಯಿಂಟಿನದು. ಒಂಬತ್ತು ಜನರೂ ಔಟಾದರೆ ಮಾತ್ರ ಸೋಲು. ಓಡುವವರು ಮೂರು ಮೂರು ಜನರಾಗಿ ಇಳಿಯಬೇಕು. ಕೊನೆಯ ಮೂವರ ಹೆಸರು ಬರೆಯುವಾಗ ಮೇಡಂ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಹೆಸರು ಹೊಡೆದುಹಾಕಿ ಮೈತ್ರೇಯಿ ಎಂದು ಬರೆದರು.

‘ಮೇಡಂ, ಬೇಡ ಮೇಡಂ. ಜಿಲ್ಲೆಗೆ ಹೋದ್ಮೇಲೆ ಆಡಿಸಿ’ ಎಂದಳು ಶಾಲಿನಿ.

‘ಜಿಲ್ಲೆಗೆ ಹೋದ್ರೆ ಅಲ್ಲೂ ಯಾರಾದ್ರೂ ಇದೇ ಮಾತು ಹೇಳ್ತಾರೆ ಪುಟ್ಟಾ’ ಎಂದರು ಮೇಡಂ.

ಮೊದಲ ಆರು ಜನ ಔಟಾಗಿ, ಶಾಲಿನಿಯೂ ಇದ್ದ ಆ ಮೂವರು ಇಳಿದಾಗ ಉಳಿದಿದ್ದು ಒಂದೂವರೆ ನಿಮಿಷ. ಮೈತ್ರೇಯಿ ಹನ್ನೊಂದು ಸೆಕೆಂಡಿಗೆ ಔಟಾದಳು. ಎರಡನೆಯವಳು ಅರ್ಧ ನಿಮಿಷ ಓಡಿದಳು. ಶಾಲಿನಿ ಒಬ್ಬಳೇ ಉಳಿದು, ಉಸಿರು ಕಟ್ಟಿ ಸುತ್ತಿ ಸುತ್ತಿ ಓಡಿದಳು. ಇನ್ನು ನಾಲ್ಕು ಸೆಕೆಂಡ್ ಇರುವಾಗ ಕಂಬದ ಬಳಿ ಒಂದು ಕೈ ಅವಳ ಬೆನ್ನಿಗೆ ತಾಗಿತು. ಒಂದು ಪಾಯಿಂಟಿನ ಸೋಲು.

ಎಲ್ಲರೂ ಬಸ್ಸಿನಲ್ಲಿ ವಾಪಸು ಹೊರಟರು. ಬನಶಂಕರಿಯಲ್ಲಿ ಇಳಿಯುವ ಮುಂಚೆ ಶಾಲಿನಿ ಎದ್ದು ಮೇಡಂ ಸೀಟಿನ ಹತ್ತಿರ ಬಂದಳು. ತಂಡಕ್ಕೆ ಅವರು ತಮ್ಮ ಹನ್ನೆರಡನೆಯ ನಂಬರಿನ ಕತೆಯನ್ನು ಎಂದೋ ಹೇಳಿದ್ದರು.

‘ನೀವು ಆಡಕ್ಕಾಗ್ಲಿಲ್ಲ ಅಂತ ನನ್ನ ಆಟ ಯಾಕೆ ಕಿತ್ಕೊಂಡ್ರಿ ಮೇಡಂ?’

ಅಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಮಾರನೆಯ ದಿನದಿಂದ ಅಭ್ಯಾಸಕ್ಕೆ ಬರಲಿಲ್ಲ. ತರಗತಿಯಲ್ಲಿ ಎದುರಾದರೆ ತಲೆ ತಗ್ಗಿಸಿ ‘ನಮಸ್ತೆ ಮೇಡಂ’ ಎಂದು ಹೇಳಿ ಹೋಗುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಮಲಾದೇವಿ ಸಿದ್ದಾಪುರದ ಮನೆಗೂ ಹೋದರು. ತಾಯಿ ಚಾಪೆ ಹಾಸಿ ಕಾಫಿ ಕೊಟ್ಟರು. ಒಳಕೋಣೆಯ ಪರದೆಯ ಕೆಳಗೆ ಶಾಲಿನಿಯ ಪಾದಗಳು ಕಾಣುತ್ತಿದ್ದವು.

‘ಬಾರೇ, ಮೇಡಂ ಬಂದವ್ರೆ’ ಎಂದು ತಾಯಿ ಮೂರು ಸಲ ಕರೆದರು. ಪಾದಗಳು ಅಲುಗಲಿಲ್ಲ. ಕಾಫಿ ಆರುವವರೆಗೆ ಕೂತು ಕಮಲಾದೇವಿ ಎದ್ದು ಬಂದರು. ಶಾಲಿನಿ ಈಗ ಜಯನಗರದ ಕಾಲೇಜೊಂದರಲ್ಲಿ ಕಾಮರ್ಸ್ ಓದುತ್ತಿದ್ದಾಳೆ. ಆಡುವುದಿಲ್ಲ.

ಮೈತ್ರೇಯಿ ಮಾತ್ರ ಸೋತ ಮರುದಿನವೂ ಐದೂಮುಕ್ಕಾಲಿಗೆ ಬಂದು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ‘ನನ್ನಿಂದ ಸೋತ್ವಿ ಮೇಡಂ’ ಎಂದಳು. ಕಣ್ಣೊರೆಸಿಕೊಂಡು, ‘ಆದ್ರೂ ನಾನೂ ಆಡ್ದೆ ಅಲ್ವಾ ಮೇಡಂ?’ ಎಂದು ಕೇಳಿದಳು.

‘“ಹೂಂ ಮಗಾ, ಆಡಿದೆ” ಅಂದೆ. ಅವಳ ಮುಖ ನೋಡಿದಾಗ ಮಾಡಿದ್ದು ಸರಿ ಅನ್ಸುತ್ತೆ. ಶಾಲಿನಿ ಮಾತು ನೆನಪಾದ್ರೆ ತಪ್ಪು ಅನ್ಸುತ್ತೆ. ಎರಡೂ ಒಟ್ಟಿಗೇ ಇರುತ್ತೆ, ಯಾವುದೂ ಹೋಗಲ್ಲ’ ಎನ್ನುತ್ತಾರೆ ಕಮಲಾದೇವಿ. ನಿಯಮ ಇವತ್ತಿಗೂ ಬದಲಾಗಿಲ್ಲ. ಕಳೆದ ತಿಂಗಳು ವಲಯ ಮಟ್ಟದಲ್ಲಿ ಹನ್ನೆರಡು ಜನರೂ ಆಡಿದರು, ಎರಡನೆಯ ಸುತ್ತಿನಲ್ಲೇ ಸೋತರು.

ಅವರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬುತ್ತದೆಂಬ ಭರವಸೆ ಶಾಲೆಯಲ್ಲಿ ಯಾರಿಗೂ ಇಲ್ಲ. ಗಂಗಾಧರಯ್ಯನವರ ಮಗ ಜಾಗದ ಅಳತೆ ತೆಗೆಸಿದ್ದಾರೆ. ಏಳು ಗಂಟೆಗೆ ಆಟ ಮುಗಿಸಿ ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾರೆ. ಕಾಲಿನ ಮಣ್ಣು ಕೊಡವಿಕೊಳ್ಳುತ್ತ ಮೇಡಂ ಕೆಲಸಕ್ಕೆ ಓಡುವ ಜನರನ್ನು ಸ್ವಲ್ಪ ಹೊತ್ತು ನೋಡುತ್ತಾರೆ.

ನಿವೃತ್ತಿಗೆ ಶಾಲು, ಹಾರ, ಭಾಷಣ ಏನೂ ಬೇಡವೆಂದು ಹೆಡ್‌ಮಾಸ್ಟರಿಗೆ ಈಗಲೇ ಹೇಳಿದ್ದಾರಂತೆ. ಹಾಗಾದರೆ ಏನು ಬೇಕು ಎಂದರೆ ಪೇಂಟ್ ಡಬ್ಬಿ ಎತ್ತಿಕೊಳ್ಳುತ್ತಾರೆ.

‘ಶಾಲಿನಿ ಒಂದ್ಸಲ ಬರ್ಲಿ. ಬೈಯಕ್ಕಾದ್ರೂ ಸರಿ, ಬರ್ಲಿ. ಅವತ್ತು ಬಸ್ಸಲ್ಲಿ ಅರ್ಧ ಮಾತ್ರ ಹೇಳಿದ್ಳು ಅವಳು. ಮಿಕ್ಕಿದ್ದನ್ನ ನಿಂತ್ಕೊಂಡು ಕೇಳಿಸ್ಕೋತೀನಿ.’