ಕಾಕಾ ಇಳಿಸಿದ ಗಾಳಿ

ಹಿಂಗಣಾ ರಸ್ತೆಯ ಟೈರ್ ಅಂಗಡಿಯಲ್ಲಿ ಮೊನ್ನೆ ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಅಂಗಡಿಯವನು ನನ್ನ ಕಾರಿನ ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ನೋಡುತ್ತ ನಿಂತವನಿಗೆ ಕಾಕಾ ನೆನಪಾದರು... ಸ್ವಂತ ಕಾಕಾ ಅಲ್ಲ, ಪಕ್ಕದ ಮನೆಯವರು. ಧಾರವಾಡದ ಕಡೆಯವರು, ವಾಯುಪಡೆಯಲ್ಲಿ ವಿಮಾನದ ಚಕ್ರ, ಟೈರು ನೋಡಿಕೊಳ್ಳುವ ಕೆಲಸ. ನಮ್ಮ ಈ ಮರಾಠಿ ಊರಿನಲ್ಲಿ, ರೈಲ್ವೆಯಲ್ಲಿದ್ದ ನನ್ನಪ್ಪನಿಗೆ ಸಂಜೆ ಕನ್ನಡದಲ್ಲಿ ಹರಟಲು ಅವರು, ಅವರಿಗೆ ಅಪ್ಪ.

ನಾನಾಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಅಪ್ಪನ ಹಳೆಯ ಸಣ್ಣ ಕಾರನ್ನು ಬುಟಿಬೋರಿಯಾಚೆಯ ಒಂದು ಖಾಸಗಿ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹುಚ್ಚು ಹಿಡಿದಿತ್ತು. ಟೈರಿನ ಗಾಳಿಯ ಬಗ್ಗೆ ಓದಿದ್ದೆ, ಕೈಗೆ ಬಂದಿರಲಿಲ್ಲ. ಒಂದು ಭಾನುವಾರ ಕಾಕಾ ಜೊತೆಗೆ ಬಂದರು. ಟೈರಿನ ಅಂಚಿನಿಂದ ಬದಿಯವರೆಗೆ ಸೀಮೆಸುಣ್ಣದ ಗೆರೆ ಎಳೆದು, ಮೂರು ಸುತ್ತು ಹೊಡೆದು ಬಾ ಎಂದರು. ಬಂದಾಗ ಕುಕ್ಕರಗಾಲಲ್ಲಿ ಕೂತು, ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದರು. ಬದಿಯವರೆಗೂ ಅಳಿಸಿದ್ದರೆ ಟೈರು ತಿರುವಿನಲ್ಲಿ ಮಡಚಿಕೊಳ್ಳುತ್ತಿದೆ, ಗಾಳಿ ಸಾಲದು. ಅಂಚಿನಲ್ಲೂ ಅಳಿಸದಿದ್ದರೆ ಗಾಳಿ ಹೆಚ್ಚು. ಬೆಳಿಗ್ಗೆ ಅವರ ಗಾಳಿ ಅಳೆಯುವ ಗೇಜಿನಲ್ಲಿ ಮೂವತ್ತಿದ್ದದ್ದು ಸುತ್ತು ಹೊಡೆದ ಬಿಸಿಗೆ ಮೂವತ್ತಾರಕ್ಕೆ ಏರಿತ್ತು. ಅಂಚಿನ ಗೆರೆ ಹಾಗೇ ಉಳಿದಿದ್ದರಿಂದ ಅದನ್ನು ಬಿಸಿಯಲ್ಲೇ ಮೂವತ್ತಕ್ಕೆ ಇಳಿಸಿದರು. ಆಮೇಲೆ ಕಾರು ತಿರುವುಗಳಲ್ಲಿ ನೆಲ ಕಚ್ಚಿ ಓಡಿತು. ಆ ಖುಷಿ ಇನ್ನೂ ಮೈಯಲ್ಲಿದೆ...

ಅಳೆದದ್ದನ್ನೆಲ್ಲ ಕಾಕಾ ಒಂದು ಕಾರ್ಡಿನಲ್ಲಿ ಬರೆಸಿ, ಸಾಲು ಸಾಲಿಗೂ ನನ್ನ ಸಹಿ ಹಾಕಿಸುತ್ತಿದ್ದರು. ಅವರ ನೌಕರಿಯ ಅಭ್ಯಾಸ ಅದು. ಕೆಲಸ ಮಾಡಿದವನ ಸಹಿ ಇಲ್ಲದೆ ವಿಮಾನ ಏಳುವಂತಿಲ್ಲ. ಇದು ವಿಮಾನವಲ್ಲ ಕಾಕಾ, ಡಬ್ಬಾ ಎಂದು ನಾನು ನಕ್ಕೆ.

"ಡಬ್ಬಾದಾಗೂ ಮಂದೀನ ಕೂಡತಾರಲೇ," ಎಂದರು. "ರಸ್ತೇಕ ಹೋಗೂ ಮುಂಚೆ ಮತ್ತ ಮೂವತ್ತಾರು ಹಾಕಸು. ಇಲ್ಲಾಂದ್ರ ಮುಂಜಾನೆ ಥಂಡ್ಯಾಗ ಇಪ್ಪತ್ತೈದಕ್ಕ ಇಳೀತೈತಿ."

ಗೇಜನ್ನು ನನ್ನ ಕೈಗೆ ಕೊಟ್ಟು ಅವರು ಚಹಾ ಕುಡಿಯಲು ಹೋದರು. ಗಾಳಿ ತುಂಬುವ ಕಡೆ ಉದ್ದ ಸಾಲಿತ್ತು. ನನಗೆ ಇನ್ನೆರಡು ಸುತ್ತಿನ ಆಸೆ. ಗಾಳಿ ತುಂಬಿಸದೆಯೇ ಕಾರ್ಡಿನ ಕೊನೆಯ ಸಾಲಿನಲ್ಲಿ ನಾಲ್ಕೂ ಚಕ್ರಕ್ಕೆ ಮೂವತ್ತಾರು ಎಂದು ಬರೆದು ಸಹಿ ಮಾಡಿ, ಅವರು ಬಂದಾಗ ಕೊಟ್ಟೆ. ಓದಿ ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಚಳಿಯಲ್ಲಿ ಅಮ್ಮನನ್ನು ಸ್ಟೇಷನ್ನಿಗೆ ಬಿಡಲು ಹೊರಟೆ. ವರ್ಧಾ ರಸ್ತೆಯ ಗುಂಡಿಯೊಂದಕ್ಕೆ ಮುಂದಿನ ಬಲ ಚಕ್ರ ಬಿದ್ದು ಟೈರಿನ ಬದಿ ಸೀಳಿತು. ಕಾರು ಡಿವೈಡರಿಗೆ ಹೊಡೆಯಿತು. ಅಮ್ಮನ ಮಣಿಕಟ್ಟು ಮುರಿಯಿತು. ಉಳಿದ ಮೂರು ಟೈರುಗಳಲ್ಲೂ ಇಪ್ಪತ್ತೈದೇ ಇದೆ ಎಂದು ಮೆಕ್ಯಾನಿಕ್ ಹೇಳಿದ. ಗಾಳಿ ಇಳಿಸಿದ್ದು ಕಾಕಾ ಎಂದು ನಾನು ಅಪ್ಪನಿಗೆ ಹೇಳಿದೆ. ಅದು ನಿಜವೇ. ಉಳಿದದ್ದನ್ನು ಹೇಳಲಿಲ್ಲ.

ಅಪ್ಪ ಹೋಗಿ ಕಾಕಾನ ಬಾಗಿಲಲ್ಲಿ ನಿಂತರು. "ವಿಮಾನದ ಟೈರ್ ನೋಡೋರು ನೀವು. ಇಷ್ಟು ತಿಳೀಲಿಲ್ಲೇನ್ರಿ?"

ಕಾಕಾ ನನ್ನನ್ನೊಮ್ಮೆ ನೋಡಿದರು. "ನನ್ನ ಕಡಿಂದನ ಏನೋ ತಪ್ಪಾಗೇತ್ರಿ," ಎಂದರು.

ಈ ದೃಶ್ಯವನ್ನು ಎಷ್ಟು ಸಲ ನೆನೆದಿದ್ದೇನೋ. ಒಮ್ಮೆ ಅವರು ಸಮವಸ್ತ್ರದಲ್ಲಿರುತ್ತಾರೆ, ಒಮ್ಮೆ ಬನಿಯನ್ನಿನಲ್ಲಿ. ಕೈಯಲ್ಲಿ ಆ ಕಾರ್ಡು ಇತ್ತೇ? ಖಾತ್ರಿಯಿಲ್ಲ. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನಾನು ಆ ನೋಟವೊಂದನ್ನು ಮಾತ್ರ ನಂಬಿಕೊಂಡು ಬಂದೆ. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ನನ್ನನ್ನು ಉಳಿಸಿದರು ಎಂದು... ಕೆಲವೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಅಲ್ಲಿಯವರೆಗೂ ಅಪ್ಪ ಅವರೊಡನೆ ಮಾತಾಡಲಿಲ್ಲ. ಸಾಮಾನಿನ ಲಾರಿ ಹೊರಟಾಗ ನಾನು ಮನೆಯೊಳಗೇ ಇದ್ದೆ.

ಟೈರ್ ಅಂಗಡಿಯಿಂದ ಬಂದ ಸಂಜೆ, ಹಳೆಯ ಪರಿಚಿತರೊಬ್ಬರಿಂದ ಧಾರವಾಡದ ಅವರ ಮನೆಯ ನಂಬರ್ ಪಡೆದು ಫೋನ್ ಮಾಡಿದೆ. ಅವರ ಹೆಂಡತಿ ಕಾಕೂ ಎತ್ತಿಕೊಂಡರು. ಮೊದಲು ಕೇಳಿದ್ದು ಅಮ್ಮನ ಕೈ ಹೇಗಿದೆ ಎಂದು. ಕಾಕಾ ಹೋಗಿ ಎರಡು ವರ್ಷವಾಯಿತಂತೆ.

"ಆ ಗೇಜ್ ತೊಗೊಂಡು ಕಾಮಠಿ ರಿಪೇರಿ ಅಂಗಡಿ ತನಕ ಎರಡ ಸಲ ಹೋಗಿ ತೋರಿಸಿದ್ರು ತಮ್ಮಾ," ಎಂದರು ಕಾಕೂ. "ಬರೋಬರ್ ಐತಿ ಅಂತ ಅಲ್ಲೇ ಹೇಳಿದ್ರೂ ನಂಬಲಿಲ್ಲ. ಹುಡುಗ ಸಹಿ ಮಾಡ್ಯಾನ, ಅವ ಯಾಕ ಸುಳ್ಳ ಬರೀತಾನ, ಗೇಜೇ ಕೆಟ್ಟಿರಬೇಕು ಅಂತಿದ್ರು. ಕಡೀಕ ಒಗದ ಬಿಟ್ರು."

ಅವತ್ತು ಗಾಳಿ ತುಂಬಿಸಿರಲಿಲ್ಲ ಎಂದು ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಯಾರಿಗಾದರೂ. ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಅವರಿದ್ದಾಗ ಹೇಳಬೇಕಿತ್ತಪಾ," ಎಂದರು ಕಾಕೂ, ಮೆಲ್ಲಗೆ.

ಆ ನೋಟವನ್ನು ಕ್ಷಮೆ ಎಂದು ಓದಿಕೊಂಡು ಇಷ್ಟು ದೂರ ಬಂದೆ. ಕ್ಷಮಿಸುವುದಕ್ಕೆ ಅವರಿಗೆ ಏನೂ ಗೊತ್ತೇ ಇರಲಿಲ್ಲ.