ಬಂದವರಿಗೆ ನೀರು

ನನ್ನ ಮಗಳು ಮೊದಲ ಸಲ ನನಗೆ ನೀರು ತಂದುಕೊಟ್ಟಾಗ ಅವಳಿಗೆ ಮೂರು ವರ್ಷ ತುಂಬಿರಲಿಲ್ಲ. ಹುಮನಾಬಾದಿನ ತವರುಮನೆಯಲ್ಲಿ ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಕೂತಿದ್ದೆ. ಅವಳು ತಾಮ್ರದ ಚರಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಫ್ರಾಕಿನ ಮೇಲೆಲ್ಲ ಚೆಲ್ಲಿಕೊಳ್ಳುತ್ತ ಬಂದು, "ತಗೋರಿ" ಎಂದಳು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮಾತಿಗೆ ಮೊದಲು ನೀರು. ಬೀಗರಿಗೂ ಅಷ್ಟೇ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ಅಷ್ಟೇ. ನನ್ನ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಗ್ಗುತ್ತಿದ್ದಳು.

"ನೋಡು, ಬಂದವರಿಗೆ ಹ್ಯಾಂಗ ನೀರ ಕೊಡತಾಳ. ಯಾರೂ ಹೇಳಬೇಕಂತಿಲ್ಲ."

ಹೆತ್ತವಳು ನಾನು, ಬಂದವರ ಸಾಲಿಗೆ ಸೇರಿದ್ದೆ. ನೀರು ಗಂಟಲಲ್ಲಿ ಇಳಿಯಲಿಲ್ಲ, ಆದರೂ ಅವಳು ನೋಡುತ್ತಿದ್ದಳೆಂದು ಪೂರ್ತಿ ಕುಡಿದೆ.

ನನಗೆ ಅವಳಿ ಹೆಣ್ಣುಮಕ್ಕಳು. ಒಂದೇ ಮುಖ, ನೆತ್ತಿಯ ಮೇಲಿನ ಸುಳಿಯೂ ಒಂದೇ ಕಡೆ. ಗಂಡ ಬಸವಕಲ್ಯಾಣದ ಮರಾಠಿ ಮನೆಯವನು. ಶಿಕ್ಷಕರ ತರಬೇತಿಯಲ್ಲಿ ಪರಿಚಯವಾಗಿ ಮದುವೆಯಾದೆವು. ನಮ್ಮದು ಹಣೆತುಂಬ ವಿಭೂತಿ ಹಚ್ಚುವ ಮನೆ, ಅವರದು ಭಾನುವಾರ ಮಟನ್ ಬೇಯುವ ಮನೆ. ಎರಡೂ ಕಡೆಯವರು ಒಂದು ವರ್ಷ ಮುಖ ತಿರುಗಿಸಿಕೊಂಡಿದ್ದು, ನನ್ನ ಹೊಟ್ಟೆಯಲ್ಲಿ ಎರಡಿವೆ ಎಂದು ಗೊತ್ತಾದ ಮೇಲೆ ಬಂದರು. ಒಂದೇ ಆಗಿದ್ದರೆ ಬರುತ್ತಿದ್ದರೋ ಇಲ್ಲವೋ ಎಂದು ಗಂಡನನ್ನು ಕಾಡುತ್ತಿದ್ದೆ.

ಹೆರಿಗೆ ರಜೆ ಮುಗಿಯಿತು. ನಾನು ಶಾಲೆಗೆ ಹೋಗಬೇಕು, ಅತ್ತೆಗೆ ಮಂಡಿನೋವು, ಎರಡು ಕೂಸುಗಳನ್ನು ಎತ್ತಲಾರಳು. ಆಗ ಅವ್ವ ಬಂದು, "ಹಲ್ಲ ಬರೋತನಕ ಒಂದು ನಮ್ಮಲ್ಲಿರಲಿ. ಎರಡನ್ನ ಹ್ಯಾಂಗ ಸಂಭಾಳಸ್ತಿ?" ಎಂದಳು. ಯಾವುದನ್ನು ಎಂಬುದಷ್ಟೇ ಉಳಿದ ಪ್ರಶ್ನೆ. ಐದು ನಿಮಿಷ ಮೊದಲು ಹುಟ್ಟಿದವಳು ಬಾಟಲಿ ಬಾಯಿಗಿಟ್ಟರೆ ಉಗುಳಿ, ಓಣಿಯೆಲ್ಲ ಕೇಳುವಂತೆ ಅಳುತ್ತಿದ್ದಳು. ಸಣ್ಣವಳು ಬಾಟಲಿ ಕೊಟ್ಟರೂ ಸುಮ್ಮನೆ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿದ್ದವಳು ಹೋದಳು. ಅತ್ತ ಕೂಸಿಗೆ ಹಾಲು ಎನ್ನುತ್ತಾರೆ, ಅಳದ ಕೂಸಿಗೆ ಏನು ಸಿಗುತ್ತದೆಂದು ಯಾರೂ ಹೇಳುವುದಿಲ್ಲ. ಜಾಣೆಯಾಗಿದ್ದಳೆಂದೇ ಅವಳನ್ನು ಕೊಟ್ಟುಬಿಟ್ಟೆ.

ಹಲ್ಲು ಬಂದವು, ನಡೆಯಲಿ ಎಂದರು. ನಡೆದಳು, ಮಾತು ಬರಲಿ ಎಂದರು. ಪ್ರತಿ ಸಲ ಹ್ಞೂಂ ಎಂದವಳು ನಾನೇ. ಬೇರೆಯವರ ಮೇಲೆ ಗೂಬೆ ಕೂರಿಸುವುದಿಲ್ಲ.

ಒಂದು ತಾಸಿನ ಬಸ್ಸಿನ ದಾರಿ. ಭಾನುವಾರ ಬಿಟ್ಟು ಭಾನುವಾರ ಹೋಗುತ್ತಿದ್ದೆ. ಅಂಗಡಿಯಲ್ಲಿ ಒಂದೇ ಬಗೆಯ ಎರಡು ಫ್ರಾಕು ಕೊಳ್ಳುವುದು ನನ್ನ ಹುಚ್ಚು. ಮನೆಯಲ್ಲಿದ್ದವಳ ಅಳತೆ ಹಿಡಿದು ಇಬ್ಬರಿಗೂ ತರುತ್ತಿದ್ದೆ. ಗಿರಣಿ ನಡೆಸುವ ಅಜ್ಜ ಅಜ್ಜಿಯ ಬಿಸಿ ಜೋಳದ ರೊಟ್ಟಿ, ತುಪ್ಪ ತಿಂದು ಸಣ್ಣವಳು ಒಂದು ಸುತ್ತು ದಪ್ಪಗಾಗಿದ್ದಾಳೆಂದು ಹೆತ್ತವಳಿಗೆ ಗೊತ್ತಿರಲಿಲ್ಲ. ಅವ್ವ ಮೈಗೆ ಹಿಡಿಯದ ಆ ಫ್ರಾಕುಗಳನ್ನು ಮಡಚಿಡುತ್ತಿದ್ದಳು. ನಾನು ತಂದ ಹಳದಿ ಫ್ರಾಕನ್ನು ಒಂದು ಭಾನುವಾರ ಪಕ್ಕದ ಮನೆಯ ಹುಡುಗಿಯ ಮೈಮೇಲೆ ನೋಡಿದೆ. ಆ ದಿನ ಬಸ್ಸಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದೆ.

ಬಸವಕಲ್ಯಾಣದಲ್ಲಿ ಊರ ಮಕ್ಕಳಿಗೆ ದಿನವಿಡೀ ಕನ್ನಡ ಕಲಿಸಿ ಮನೆಗೆ ಬಂದರೆ, ಅತ್ತೆಯ ಮಡಿಲಲ್ಲಿ ಬೆಳೆದ ದೊಡ್ಡವಳದು ಹಟವೂ ಮರಾಠಿ, ಮುದ್ದೂ ಮರಾಠಿ. ನನ್ನ ಕನ್ನಡವನ್ನಾಡುವವಳು ಹುಮನಾಬಾದಿನಲ್ಲಿ ಗಿರಣಿಯ ಸದ್ದಿನೊಳಗೆ ಬೆಳೆಯುತ್ತಿದ್ದಳು. ಅವಳು ನನ್ನ ಅವ್ವನನ್ನು 'ಅವ್ವ' ಎನ್ನುತ್ತಿದ್ದಳು, ನನ್ನನ್ನು 'ಕಲ್ಯಾಣದವ್ವ'. ಬಸವಕಲ್ಯಾಣದ ಮನೆಯಲ್ಲಿ ನನಗೆ ಯಾರೂ ಕಾಟ ಕೊಡಲಿಲ್ಲ. ಕೊಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವುದು ಎಲ್ಲರಿಗೂ ಗೊತ್ತು. ಒಬ್ಬಳಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅದೇ ಮುಖ, ಅದೇ ಸುಳಿ, ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು. ಆ ಒಂಟಿತನವನ್ನು ಯಾವ ಭಾಷೆಯಲ್ಲಿ ಯಾರಿಗೆ ಹೇಳಬೇಕೋ ತಿಳಿಯುತ್ತಿರಲಿಲ್ಲ.

ನಾಲ್ಕು ತುಂಬಿ, ಇಬ್ಬರನ್ನೂ ಒಂದೇ ಶಾಲೆಗೆ ಹಾಕುವ ಹೊತ್ತಿಗೆ ಕರೆತರಲು ಹೋದೆ. ಅವ್ವ ವಾದಿಸಲಿಲ್ಲ. "ನಿನ್ನ ಕೂಸು. ನೀ ಒಯ್ಯಿ," ಎಂದಳು. ನನ್ನ ಉಡಿ ತುಂಬಿದಳು. ಆಮೇಲೆ ಸಣ್ಣವಳ ಫ್ರಾಕಿನ ಅಂಚು ಹಿಡಿಸಿ ಅದರಲ್ಲೂ ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು ಹಾಕಿದಳು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಕುವ ಹಾಗೆ.

"ನಾ ಅಲ್ಲಿಗಿ ಬರಂಗಿಲ್ಲ," ಎಂದಳು. "ನನ್ನ ನೋಡಿದ್ರ ಅದಕ್ಕ ಮತ್ತ ಇಲ್ಲಿದೇ ಧ್ಯಾಸ ಆಗ್ತದ. ಹೊಂದಿಕೊಳ್ಳಲಿ."

ಬಸ್ಸಿನಲ್ಲಿ ಮಗಳು, "ಕಲ್ಯಾಣದವ್ವ, ಮನಿಗಿ ಯಾವಾಗ ಹೋಗೋದು?" ಎಂದು ಕೇಳಿದಳು. ಮನೆಗೇ ಹೋಗುತ್ತಿದ್ದೇವೆ ಎನ್ನುವ ಬದಲು, ಅವಳ ಉಡಿಯಿಂದ ಉದುರಿದ ಅಕ್ಕಿಕಾಳು ಆರಿಸಿಕೊಟ್ಟೆ.

ಮರುದಿನ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಸಣ್ಣವಳು ನೀರು ತಂದಳು. ಅದರ ಮರುದಿನವೂ ತಂದಳು. ಅತ್ತೆಗಂತೂ ಮೆಚ್ಚುಗೆಯೋ ಮೆಚ್ಚುಗೆ. "ಕಿತೀ ಗುಣಾಚೀ ಪೋರ," ಎಷ್ಟು ಗುಣದ ಹುಡುಗಿ ಎಂದು ಬಂದವರ ಮುಂದೆಲ್ಲ ಹೇಳಿದಳು. ದೊಡ್ಡವಳು ಒಂದು ದಿನವೂ ನನಗೆ ನೀರು ಕೊಟ್ಟವಳಲ್ಲ. ನಾನು ಬಂದೊಡನೆ ಚೀಲಕ್ಕೆ ಕೈ ಹಾಕಿ ಬಿಸ್ಕತ್ತು ಹುಡುಕುತ್ತಿದ್ದಳು. ಹಕ್ಕಿದ್ದವಳು ಹಾಗೆಯೇ ಮಾಡುವುದು.

"ನನಗ ನೀರ ಬ್ಯಾಡ ಕೂಸ," ಎಂದೆ ಒಮ್ಮೆ.

"ಬ್ಯಾಡ ಅನಬಾರದ್ರಿ. ದೂರಿಂದ ಬಂದೀರಿ," ಎಂದಳು.

ಶಾಲೆ ನಮ್ಮ ಮನೆಗೆ ಎರಡು ಓಣಿ ಆಚೆ. ಅವಳು ಹೇಳಿದ್ದೂ ಸುಳ್ಳಲ್ಲ. ತಿಂಗಳುಗಟ್ಟಲೆ ಆ ನೀರು ಕುಡಿದೆ. ಒಂದು ಸಂಜೆಯಾದರೂ ಮರೆಯಲಿ ಎಂದು ಬೇಡಿಕೊಳ್ಳುತ್ತ ಕುಡಿದೆ.

ಮಳೆಗಾಲ ಹೋಯಿತು, ದಸರೆ ದೀಪಾವಳಿ ಹೋದವು. ಅಕ್ಕತಂಗಿಯರು ಮೊದಮೊದಲು ಕನ್ನಡಿ ನೋಡಿದ ಹಾಗೆ ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದವರು, ಆಮೇಲೆ ಕಚ್ಚಾಡಿದರು, ಒಂದೇ ಚಾದರದೊಳಗೆ ಮಲಗಿದರು. ಸಂಕ್ರಾಂತಿ ಕಳೆದ ವಾರ, ಸಂಜೆ ನಾನು ಬಂದಾಗ ಇಬ್ಬರೂ ಪೆನ್ಸಿಲ್ ಡಬ್ಬಿಗಾಗಿ ಕೂದಲು ಹಿಡಿದು ಎಳೆದಾಡುತ್ತಿದ್ದರು. ಸಣ್ಣವಳು ಓಡಿಬಂದು ನನ್ನ ಚೀಲಕ್ಕೆ ಜೋತುಬಿದ್ದು, ಅಕ್ಕನ ಮೇಲೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಚಾಡಿ ಹೇಳಿದಳು. ನೀರು ತರಲಿಲ್ಲ. ಒಳಗೆ ಹೋಗಿ ನಾನೇ ಕೊಡದಿಂದ ತುಂಬಿಕೊಂಡು ನಿಂತೇ ಕುಡಿದೆ. ಅಷ್ಟು ಸಂತೋಷ ನನಗೆ ಹೆರಿಗೆಯ ದಿನವೂ ಆಗಿರಲಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಆ ಕಡೆ ಗಿರಣಿ ಸದ್ದು ಮಾಡುತ್ತಿತ್ತು. "ಚಲೋ ಆತು," ಎಂದಳು. "ಹಂಗಾರ ಇನ್ನ ನಾ ಬರಬಹುದು."

ಯುಗಾದಿಯ ಹಿಂದಿನ ದಿನ ಬಂದಳು. ಅತ್ತೆ ಬಾಗಿಲ ಪಕ್ಕದಲ್ಲಿ ಮರಾಠಿ ಮನೆಗಳ ಪದ್ಧತಿಯಂತೆ ಸೀರೆ, ಬೇವು ಕಟ್ಟಿ ಗುಡಿ ಏರಿಸಲು ಕೋಲು ತೊಳೆದಿಟ್ಟಿದ್ದಳು. ಅವ್ವ ಅದನ್ನು ದಾಟಿ ಒಳಗೆ ಬಂದಳು. ಕಿವಿಯ ಹಿಂದೆ ಗಿರಣಿಯ ಹಿಟ್ಟು ಹಾಗೇ ಇತ್ತು. ಕೈಯಲ್ಲಿ ದೊಡ್ಡ ಚೀಲ, ಮೇಲೆ ಜೋಳದ ಹಿಟ್ಟಿನ ಗಂಟು, ಕೆಳಗೆ ಅವಳವೇ ಮಡಚಿದ ಸೀರೆಗಳು. ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದಳು.

ಸಣ್ಣವಳು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಓಡುತ್ತ ಅಕ್ಕನಿಗೆ ಕೂಗಿ ಹೇಳಿದಳು. "ಆಜೀ ಆಲೀ, ಹುಮನಾಬಾದಚೀ ಆಜೀ." ಅವ್ವ ಎನ್ನುತ್ತಿದ್ದವಳು ಮರಾಠಿಯಲ್ಲಿ ಅಜ್ಜಿ ಬಂದಳು ಎಂದಳು. ಒಳಗಿನಿಂದ ಬರುವಾಗ ಅವಳ ಕೈಯಲ್ಲಿ ಚರಿಗೆಯಿತ್ತು. ಒಂದು ಹನಿಯೂ ಚೆಲ್ಲದೆ ತಂದು, "ತಗೋರಿ" ಎಂದಳು.

ಅವ್ವ ಚಾಚಿದ ಕೈಗಳಲ್ಲೇ ಅದನ್ನು ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಪೂರ್ತಿ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅದು ಗಂಟಲಲ್ಲಿ ಹೇಗೆ ಇಳಿಯುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಚಲೋ ಕಲತಾಳ. ನಾನೇ ಕಲಿಸಿದ್ದು," ಎಂದಳು. ಚರಿಗೆಯನ್ನು ಕೂಸಿನ ಕೈಗೆ ಕೊಟ್ಟು, "ಹುಮನಾಬಾದಿಗಿ ಐದಕ್ಕ ಒಂದು ಬಸ್ ಅದ ಅಲ್ಲ?" ಎಂದು ಕೇಳಿದಳು.

ಹಬ್ಬಕ್ಕೆ ಉಳಿ ಎಂದು ಕೈ ಹಿಡಿದುಕೊಂಡೆ. ಗಿರಣಿ ಬಿಟ್ಟು ಬಂದೀನಿ ಎಂದಳು. ಹಿಟ್ಟಿನ ಗಂಟನ್ನು ಅತ್ತೆಯ ಕೈಗೆ ಕೊಟ್ಟು, ನಾಲ್ಕು ಸೀರೆಗಳಿದ್ದ ಚೀಲವನ್ನು ಎತ್ತಿಕೊಂಡು ಹೊರಟಳು.