ಪುಸ್ತಕದಲ್ಲಿಲ್ಲದ ಮಾತು

ಹುಲಿಯೂರುದುರ್ಗದ ಬೆಟ್ಟದಲ್ಲಿ ಜೇನು ಕೀಳುತ್ತಿದ್ದ ಯಲ್ಲಯ್ಯನ ಮನೆಗೆ, ಇಪ್ಪತ್ತು ವರ್ಷದ ಹಿಂದೆ, ಭಾಷೆ ಬರೆದುಕೊಳ್ಳುವ ಸಂಶೋಧಕನೊಬ್ಬನನ್ನು ಕರೆದುಕೊಂಡು ಹೋದವನು ನಾನೇ. ಊರಿನ ಸ್ಕೂಲು ಮೇಷ್ಟ್ರು ಎಂಬ ಜಂಬ ನನಗೆ. ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ.

ಅವರ ಕುಲದ ಮನೆಮಾತು ಬೇರೆ. ಅದನ್ನು ಹೊರಗಿನವರ ಮುಂದೆ ಆಡಿದರೆ ಜೇನು ಬೆಟ್ಟ ಬಿಟ್ಟು ಹೋಗುತ್ತದೆಂದು ನಂಬಿಕೆ. ಆ ಮಹಾಶಯ ಬಿಡಬೇಕಲ್ಲ! ನೀರಿಗೆ ಏನಂತೀರಿ, ತಾಯಿಗೆ ಏನಂತೀರಿ ಎಂದು ಎರಡು ದಿನ ತಲೆ ತಿಂದ. ಯಲ್ಲಯ್ಯ ಬಾಯಿಗೆ ಬಂದದ್ದನ್ನೆಲ್ಲ ಬರೆಸಿದ. ತಾಯಿಗೆ 'ತುರಬಿ' ಎಂದ. ಅದು ಅವನ ಮೇಕೆಯ ಹೆಸರು. ಒಳಗೆ ಹೆಂಡತಿ ಶಕುಂತಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವನು ಊರು ಬಿಟ್ಟ ಮಾರನೆಯ ದಿನ ಯಲ್ಲಯ್ಯ ನನ್ನ ಮುಂದೆ ಗುಟ್ಟು ಬಿಚ್ಚಿದಾಗ ನಾನೂ ನಕ್ಕೆ. ಸಂಶೋಧಕನಿಗೆ ಒಂದು ಕಾಗದವನ್ನೂ ಬರೆಯಲಿಲ್ಲ, ನಾಚಿಕೆಗೇಡಿ.

ಕುಲದ ಹಿರಿಯರೆಲ್ಲ ಮೊದಲೇ ಹೋಗಿದ್ದರು; ಶಕುಂತಲಮ್ಮನೂ ತೀರಿಕೊಂಡ ಮೇಲೆ ಆ ಮಾತಾಡಲು ಅವನಿಗೆ ಜೊತೆಯೇ ಉಳಿಯಲಿಲ್ಲ. ಸ್ಕೂಲಿನಲ್ಲಿ ಆಡಿಕೊಳ್ಳುತ್ತಾರೆಂದು ಮಗನಿಗೆ ಕಲಿಸಿರಲಿಲ್ಲ. ಇನ್ನು ಆಸೆಯೆಲ್ಲ ತುಮಕೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ಯಶಸ್ವಿನಿಯ ಮೇಲೆ.

ಅವಳು ಒಂದು ದಿನ ಸಂಶೋಧಕನ ಪುಸ್ತಕವನ್ನೇ ಹಿಡಿದು ಬಂದಳು. ಅದನ್ನು ಬಾಯಿಪಾಠ ಮಾಡಿ, ಕುಣಿಗಲ್‌ನ ಒಂದು ಸಭೆಯಲ್ಲಿ ಮಾತಾಡಿ, ಶಾಲು ಹೊದಿಸಿಕೊಂಡಿದ್ದಳು. ನಾನೂ ಜಗಲಿಯಲ್ಲಿದ್ದೆ.

"ತಾತ, ನಮ್ ಭಾಷೆ ಪೂರ್ತಿ ಕಲ್ತಿದೀನಿ!"

"ಅದೆಲ್ಲಾ ಸುಳ್ಳು ಕಣವ್ವಾ, ನಾನೇ ಕಟ್ಟಿ ಹೇಳಿದ್ದು. ಕುಂತ್ಕೊ, ದಿಟದ್ದು ಹೇಳ್ಕೊಡ್ತೀನಿ."

ನಾನಿದ್ದೇನೆಂದೂ ನೋಡದೆ ಅವನು ತನ್ನ ಮಾತಿನಲ್ಲಿ ಏನೋ ಹೇಳಿದ. ಹೊರಗಿನವನ ಮುಂದೆ ಅವನು ಅದನ್ನಾಡಿದ್ದು ಅದೇ ಮೊದಲು. ಅವಳು ಪುಟ ತಿರುವಿದಳು.

"ಇದ್ರಲ್ಲಿ ಹಂಗಿಲ್ವಲ್ಲ. ವಯಸ್ಸಾಯ್ತು ತಾತ, ಮರ್ತೋಗಿದೆ ನಿಂಗೆ."

"ನೀವಾದ್ರೂ ಹೇಳಿ ಮೇಷ್ಟ್ರೇ," ಎಂದು ಯಲ್ಲಯ್ಯ ಅಂಗಲಾಚಿದ. ತಾತ ಹೇಳಿದ್ದು ನಿಜವೆಂದೆ.

"ನಿಮ್ಗೆ ನಮ್ ಭಾಷೆ ಬರುತ್ತಾ ಸರ್?" ಎಂದಳು.

ಬರುವುದಿಲ್ಲ. ಹಾಗೆಂದೇ ಒಪ್ಪಿಕೊಂಡೆ.

ಹೋದ ತಿಂಗಳು ಯಲ್ಲಯ್ಯ ಜ್ವರ ಬಂದು ಮಲಗಿದವನು ಮತ್ತೆ ಏಳಲಿಲ್ಲ. ಕೊನೆಯ ದಿನ ಜ್ವರದಲ್ಲಿ ಕನ್ನಡ ಪೂರ್ತಿ ಮರೆತುಹೋಗಿತ್ತು. ಮೊಮ್ಮಗಳ ಕೈ ಹಿಡಿದು ಮನೆಮಾತಿನ ಒಂದೇ ಶಬ್ದದಲ್ಲಿ ಏನನ್ನೋ ಮತ್ತೆ ಮತ್ತೆ ಕೇಳಿದ. ಅವಳು ಅಳುತ್ತಾ ಪುಸ್ತಕವನ್ನೆಲ್ಲ ತಡಕಿದಳು. ಸಿಗಲಿಲ್ಲ. ನೀರಿರಬಹುದೆಂದು ಲೋಟ ತಂದು ಬಾಯಿಗೆ ಹಿಡಿದಳು. ಅವನು ಮುಖ ತಿರುಗಿಸಿಕೊಂಡ. ಅವನು ಕೇಳಿದ್ದು ನೀರಲ್ಲ.